ಪಾಲಿಶ್ ಪ್ಯಾಡ್: ಬೆಂಗಳೂರು ಪೂರ್ವದಲ್ಲಿ ಅದರ ಬಳಕೆ, ತೊಳೆತ, ಆರೈಕೆ

ಪಾಲಿಶ್ ಪ್ಯಾಡ್ ಎಂದರೆ ಕಾರಿನ ಬಣ್ಣದ ಮೇಲಿನ ಸಣ್ಣ ಗೀರು, ಮಸುಕು, ನೀರಿನ ಕಲೆ ತೆಗೆಯಲು ಪಾಲಿಶಿಂಗ್ ಮೆಷಿನ್ನಿಗೆ ಹಾಕುವ ದುಂಡನೆಯ ಫೋಮ್. ಸಾಮಾನ್ಯವಾಗಿ 3ರಿಂದ 6 ಇಂಚು ಅಗಲ, ಒಂದು ಇಂಚಿನ ಆಸುಪಾಸು ದಪ್ಪ. ಹಿಂಬದಿಗೆ ವೆಲ್ಕ್ರೋ ಬಟ್ಟೆ ಅಂಟಿಸಿರುತ್ತಾರೆ. ಮೆಷಿನ್ನಿನ ತಟ್ಟೆಯ ಕೊಕ್ಕೆಗಳು ಅದನ್ನು ಕಚ್ಚಿ ಹಿಡಿಯುತ್ತವೆ. ಬೆಂಗಳೂರು ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಇದು ಮುಖ್ಯವಾಗಿ ಮೂರು ಬಗೆಯ ಅಂಗಡಿಗಳಲ್ಲಿ ಕಾಣಸಿಗುತ್ತದೆ: ಶಿವಾಜಿನಗರ, ಹಲಸೂರುಗಳ ಟಿಂಕರಿಂಗ್–ಪೇಂಟಿಂಗ್ ಗ್ಯಾರೇಜು, ಇಂದಿರಾನಗರದ ಡಿಟೇಲಿಂಗ್ ಸ್ಟುಡಿಯೋ, ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದವರೆಗೆ ಹಬ್ಬಿರುವ ವಾಟರ್ ವಾಶ್ ಮತ್ತು ಸರ್ವಿಸ್ ಸ್ಟೇಷನ್. ಮೆಷಿನ್ ಎಷ್ಟೇ ದುಬಾರಿಯಾಗಿರಲಿ, ಕಾಂಪೌಂಡ್ ಯಾವ ದೇಶದ್ದೇ ಆಗಿರಲಿ, ಬಣ್ಣವನ್ನು ಮುಟ್ಟುವುದು ಪ್ಯಾಡ್ ಮಾತ್ರ. ಆದ್ದರಿಂದ ಪ್ಯಾಡ್ ತೊಳೆಯುವುದನ್ನು ಪಾಲಿಶ್ ಮುಗಿದ ಮೇಲಿನ ಚಿಲ್ಲರೆ ಕೆಲಸವೆಂದು ಹುಡುಗರಿಗೆ ವಹಿಸಿಬಿಡುವುದು ತಪ್ಪು. ಪಾಲಿಶ್ ಎಷ್ಟು ಚೆನ್ನಾಗಿ ಬಂತು ಎಂಬುದರ ಅರ್ಧ ಪಾಲು ಅಲ್ಲೇ ತೀರ್ಮಾನವಾಗುತ್ತದೆ. ಈ ಊರಿನಲ್ಲಿ ಅದನ್ನು ಹೇಗೆ ತೊಳೆಯಬೇಕು ಎಂಬುದನ್ನು ನಿರ್ಧರಿಸುವುದು ನೀರು.

ಹಿನ್ನೆಲೆ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ರಬ್ಬಿಂಗ್ ಕಾಂಪೌಂಡನ್ನು ಬನಿಯನ್ ವೇಸ್ಟಿನಲ್ಲಿ ಅದ್ದಿ ಕೈಯಿಂದಲೇ ಉಜ್ಜುತ್ತಿದ್ದರು. ಮೆಷಿನ್ ಇದ್ದ ಕಡೆ ಕುರಿ ಉಣ್ಣೆಯ ಬಫ್ ಹಾಕುತ್ತಿದ್ದರು. ಆ ಕಾರುಗಳ ಬಣ್ಣ ಒಂದೇ ಪದರದ್ದು. ಉಜ್ಜಿದಷ್ಟೂ ಬಣ್ಣವೇ ಎದ್ದು ಬಟ್ಟೆಗೆ ಹತ್ತುತ್ತಿತ್ತು. ಮುಂದೆ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಬಳಿಯುವ ಪದ್ಧತಿ ರೂಢಿಗೆ ಬಂದಾಗ ಉಣ್ಣೆಯ ಬಫ್ ಉಳಿಸುವ ಸುರುಳಿ ಗೀರುಗಳು ಬಿಸಿಲಿನಲ್ಲಿ ಎದ್ದು ಕಾಣತೊಡಗಿದವು. ಮೆತ್ತಗಿನ ಫೋಮ್ ಬೇಕಾದದ್ದು ಆಗ.

ಪಾಲಿಯುರೆಥೇನನ್ನು ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಅದರ ಮೆದು ಫೋಮ್ 1950ರ ದಶಕದಲ್ಲಿ ಹಾಸಿಗೆ, ಸೀಟುಗಳ ಮೂಲಕ ಮಾರುಕಟ್ಟೆಗೆ ಬಂತು. ವೆಲ್ಕ್ರೋ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಅವರದು. ಅದೂ 1950ರ ದಶಕದ್ದೇ. ಇಂದಿನ ಪ್ಯಾಡ್ ಈ ಎರಡರ ಜೋಡಣೆ. ಎರಡನ್ನೂ ಕೂಡಿಸಿರುವ ಅಂಟು ಮೂರನೆಯ ಅಂಗ. ಮುಂದೆ ನೋಡುವಂತೆ, ಪ್ಯಾಡು ಹಾಳಾಗುವುದು ಬಹಳ ಸಲ ಈ ಅಂಟಿನಿಂದಲೇ.

ಪೂರ್ವ ಬೆಂಗಳೂರಿನ ಕಾರುಗಳಿಗೆ ಪಾಲಿಶ್ ಬೇಗ ಬೇಗ ಬೇಕಾಗುವುದಕ್ಕೆ ಕಾರಣಗಳು ಕಣ್ಣೆದುರಿಗೇ ಇವೆ. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡಿನವರೆಗೆ ಹೊರವರ್ತುಲ ರಸ್ತೆಯುದ್ದಕ್ಕೂ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ವರ್ಷಗಟ್ಟಲೆ ನಡೆದು ಸಿಮೆಂಟು ದೂಳು ಎಬ್ಬಿಸಿದೆ. ಇಂದಿರಾನಗರದ ಒಳರಸ್ತೆಗಳಲ್ಲಿ ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಹೂವು, ಅಂಟು, ಹಕ್ಕಿ ಹಿಕ್ಕೆ. ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಂದೇ ಬಕೆಟ್ ನೀರಿನಲ್ಲಿ ಸಾಲಾಗಿ ಎಷ್ಟೋ ಕಾರು ಒರೆಸುವ ಪದ್ಧತಿ. ಆ ಬಟ್ಟೆಯಲ್ಲಿ ಸೇರಿದ ಕೆಂಪುಮಣ್ಣಿನ ಮರಳುಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಗಡಸು. ಬಿಸಿಲಿಗೆ ಬಾನೆಟ್ ಹಿಡಿದರೆ ಜೇಡರಬಲೆಯಂತೆ ಕಾಣುವ ಗೀರುಗಳು ಹುಟ್ಟುವುದು ಬಹುತೇಕ ಇಲ್ಲಿಂದಲೇ.

ಪ್ಯಾಡು ಕೊಳಕಾಗುವ ಬಗೆ

ಪ್ಯಾಡುಗಳು ಗಡಸುತನದ ಮೇಲೆ ಮೂರು ದರ್ಜೆಯವು: ಆಳದ ಗೀರು ತೆಗೆಯುವ ಕಟಿಂಗ್, ನಡುವಿನ ಪಾಲಿಶಿಂಗ್, ಕೊನೆಯ ಹೊಳಪಿನ ಫಿನಿಶಿಂಗ್. ಬಣ್ಣ ನೋಡಿ ದರ್ಜೆ ಹೇಳಲಾಗದು, ಏಕೆಂದರೆ ಒಂದು ಕಂಪನಿಯ ಕಿತ್ತಳೆ ಮತ್ತೊಂದರ ಕಿತ್ತಳೆಯಷ್ಟೇ ಗಡಸಾಗಿರಬೇಕೆಂಬ ನಿಯಮವಿಲ್ಲ. ಎರಡು ಮೂರು ಕಂಪನಿಗಳ ಪ್ಯಾಡು ಬೆರೆತಿರುವ ಗ್ಯಾರೇಜಿನಲ್ಲಿ ಹಿಂಬದಿಯ ವೆಲ್ಕ್ರೋ ಮೇಲೆ ಮಾರ್ಕರ್ ಪೆನ್ನಿನಿಂದ ದರ್ಜೆ ಮತ್ತು ಬಳಕೆಗೆ ತಂದ ತಿಂಗಳು ಬರೆದಿಡುವುದು ಒಳ್ಳೆಯದು.

ಕಾಂಪೌಂಡಿನಲ್ಲಿ ಇರುವುದು ಅಲ್ಯೂಮಿನಿಯಂ ಆಕ್ಸೈಡಿನಂಥ ಸಣ್ಣ ಉಜ್ಜುಕಣ, ಎಣ್ಣೆ, ದ್ರಾವಕ, ನೀರು. ಮೆಷಿನ್ ತಿರುಗಿದಂತೆ ನೀರು, ದ್ರಾವಕ ಆರುತ್ತವೆ. ಎಣ್ಣೆ ಮತ್ತು ಕಣ ಉಳಿಯುತ್ತವೆ. ಅವುಗಳ ಜತೆಗೆ ಕ್ಲಿಯರ್ ಕೋಟಿನಿಂದ ಎದ್ದ ಪುಡಿ ಸೇರುತ್ತದೆ. ಈ ಮಿಶ್ರಣ ಫೋಮಿನ ತೂತುಗಳಲ್ಲಿ ಕೂತು ಗಟ್ಟಿಯಾಗುತ್ತದೆ. ಒಂದು ಬಾನೆಟ್ ಮುಗಿಸಿದ ಪ್ಯಾಡನ್ನು ತಿರುಗಿಸಿ ನೋಡಿದರೆ ಅಂಚು ಇನ್ನೂ ಮೆತ್ತಗೆ, ತೂತುಗಳು ತೆರೆದೇ ಇರುತ್ತವೆ. ನಡುವೆ ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ಜಾಗ ಮಾತ್ರ ನುಣ್ಣಗೆ ಮಿರುಗುತ್ತದೆ. ಹೆಬ್ಬೆರಳು ಒತ್ತಿದರೆ ಅಲ್ಲಿ ತಗ್ಗುವುದಿಲ್ಲ, ಉಗುರಿನಿಂದ ಕೆರೆದರೆ ಬಿಳಿ ಹೊಪ್ಪಳೆ ಏಳುತ್ತದೆ. ಇಂಥ ಪ್ಯಾಡನ್ನು ಮುಂದಿನ ಡೋರಿಗೆ ಇಟ್ಟರೆ ಉಜ್ಜುವುದು ಫೋಮಲ್ಲ, ಆ ಹೊಪ್ಪಳೆ.

ಇದರಿಂದ ಆಗುವ ಹಾನಿ ಒಂದೆರಡಲ್ಲ. ಗಟ್ಟಿ ಕಣಗಳು ಹೊಸ ಗೀರು ಎಳೆಯುತ್ತವೆ. ತೂತು ಮುಚ್ಚಿದ್ದರಿಂದ ಹೊಸ ಕಾಂಪೌಂಡು ಒಳಗಿಳಿಯದೆ ಮೇಲೇ ಜಾರಿ ಸುತ್ತಲೂ ಸಿಡಿಯುತ್ತದೆ. ಗಾಳಿ ಆಡದೆ ಶಾಖ ಏರುತ್ತದೆ. ಶಾಖವೇ ಹೆಚ್ಚು ಅಪಾಯದ್ದು. ಕಾರ್ಖಾನೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ರೋಟರಿ ಮೆಷಿನ್ ಒಂದೇ ಕಡೆ ನಿಂತು, ಕೊಳಕು ಪ್ಯಾಡಿನಲ್ಲಿ ಸುತ್ತಿದರೆ ಅಂಚುಗಳಲ್ಲಿ ಈ ಪದರ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಎರಡು ಬಗೆಯಲ್ಲಿ ತಿರುಗುವ ಡ್ಯುಯಲ್ ಆಕ್ಷನ್ ಮೆಷಿನ್ ಬಣ್ಣಕ್ಕೆ ಸುರಕ್ಷಿತ ಎಂಬುದು ನಿಜ. ಆದರೆ ಅದರ ಅಲುಗಾಟದ ಶಾಖ ಪ್ಯಾಡಿನ ಒಳಗೇ, ವೆಲ್ಕ್ರೋ ಹತ್ತಿರ ಸೇರುತ್ತದೆ. ಅದಕ್ಕೇ ಈ ಮೆಷಿನ್ನಿನಲ್ಲಿ ಪ್ಯಾಡಿನ ನಡುಭಾಗ ಮೊದಲು ಸೋಲುತ್ತದೆ. ಮಧ್ಯದಲ್ಲಿ ತೂತಿರುವ ಪ್ಯಾಡುಗಳು ಬಂದಿರುವುದು ಈ ಬಿಸಿಯನ್ನು ತಗ್ಗಿಸಲೆಂದೇ.

ಪ್ಯಾಡಿಗೆ ಹತ್ತಿದ ಬಣ್ಣವೂ ಒಂದು ಸುದ್ದಿ ಹೇಳುತ್ತದೆ. ಒಂದೇ ಪದರದ ಹಳೇ ಕೆಂಪು ಕಾರನ್ನು ಉಜ್ಜಿದರೆ ಪ್ಯಾಡ್ ಕೆಂಪಾಗುವುದು ಸಹಜ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಹಾಗಾದರೆ ಮೆಷಿನ್ ಅಲ್ಲೇ ನಿಲ್ಲಿಸಬೇಕು: ಮೇಲಿನ ಪದರ ಮುಗಿದು ಕೆಳಗಿನ ಬಣ್ಣ ಬಂದಿದೆ. ಕೊಳಕು ಪ್ಯಾಡಿನಲ್ಲಿ ಈ ಎಚ್ಚರಿಕೆ ಕಾಣುವುದೇ ಇಲ್ಲ. ಪ್ರತಿ ಕಾರಿಗೂ ಶುಚಿಯಾದ ಪ್ಯಾಡಿನಿಂದ ಶುರುಮಾಡಬೇಕು ಎನ್ನುವುದಕ್ಕೆ ಈ ಒಂದು ಕಾರಣವೇ ಸಾಕು.

ಕೆಲಸದ ನಡುವೆ

ತೊಳೆಯುವ ಮಾತು ನಂತರದ್ದು. ಒಂದೊಂದು ಭಾಗ ಮುಗಿದಾಗಲೂ, ಅಂದರೆ ಅರ್ಧ ಬಾನೆಟ್ಟಿಗೊಮ್ಮೆ ಅಥವಾ ಡೋರಿಗೊಮ್ಮೆ, ಪ್ಯಾಡನ್ನು ಒಣಗಿದ್ದಂತೆಯೇ ಶುಚಿ ಮಾಡಬೇಕು. ಇದಕ್ಕೆ ಮೆದು ನೈಲಾನ್ ಬ್ರಷ್ ಸಾಕು: ಮೆಷಿನ್ನನ್ನು ಕಡಿಮೆ ವೇಗದಲ್ಲಿ ಬಿಟ್ಟು ಬ್ರಷ್ಷನ್ನು ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಒತ್ತುತ್ತ ಬರುವುದು. ಬ್ರಷ್ ಇಲ್ಲದಿದ್ದರೆ ಶುಚಿಯಾದ ಟವೆಲ್ಲನ್ನು ಪ್ಯಾಡಿಗೆ ಒತ್ತಿ ಹಿಡಿದು ಕೆಲವು ಸೆಕೆಂಡು ಸುತ್ತಿಸಿದರೂ ಎಣ್ಣೆ, ಪುಡಿ ಬಟ್ಟೆಗೆ ಬರುತ್ತದೆ. ಉಣ್ಣೆಯ ಪ್ಯಾಡಿಗೆ ಬಳಸುವ ಹಲ್ಲಿನ ಕಬ್ಬಿಣದ ಚಕ್ರವನ್ನು ಫೋಮಿಗೆ ಹಾಕಲೇಬಾರದು, ಫೋಮ್ ಹರಿದುಹೋಗುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕಂಪ್ರೆಸರ್ ಗಾಳಿ. ಶಿವಾಜಿನಗರದ ಚಿಕ್ಕ ಪೇಂಟಿಂಗ್ ಗ್ಯಾರೇಜುಗಳಿಗೂ ಇಂದಿರಾನಗರದ ಹವಾನಿಯಂತ್ರಿತ ಸ್ಟುಡಿಯೋಗಳಿಗೂ ಇಲ್ಲಿ ವ್ಯತ್ಯಾಸವಿಲ್ಲ; ಸ್ಪ್ರೇ ಗನ್ನಿಗೆಂದು ಕಂಪ್ರೆಸರ್ ಆಗಲೇ ಇರುವುದರಿಂದ ಗ್ಯಾರೇಜಿನವರಿಗೆ ಇದು ಖರ್ಚಿಲ್ಲದ ದಾರಿ. ಗಾಳಿಯನ್ನು ಓರೆಯಾಗಿ, ಒಳಗಿನಿಂದ ಹೊರಕ್ಕೆ ಬಿಡಬೇಕು. ನೇರ ಹತ್ತಿರ ಹಿಡಿದು ಒಂದೇ ಕಡೆ ಊದಿದರೆ ಫೋಮಿನ ಗೋಡೆಗಳು ಒಡೆಯುತ್ತವೆ. ಊದುವಾಗ ಕಾರಿನಿಂದ ದೂರ ಹೋಗಬೇಕು, ಮಾಸ್ಕ್ ಹಾಕಿಕೊಳ್ಳಬೇಕು. ಆ ಬಿಳಿ ದೂಳಿನಲ್ಲಿ ಉಜ್ಜುಕಣವೂ ಬಣ್ಣದ ಪುಡಿಯೂ ಇವೆ. ದಿನವಿಡೀ ಅದೇ ಕೆಲಸ ಮಾಡುವ ಹುಡುಗರ ಶ್ವಾಸಕ್ಕೆ ಅದು ಹೋಗುತ್ತದೆ ಎಂಬುದನ್ನು ಮಾಲೀಕರು ಮರೆಯುವಂತಿಲ್ಲ. ಒಂದು ಮಾಸ್ಕಿನ ಬೆಲೆ ಒಂದು ಪ್ಯಾಡಿನ ಬೆಲೆಗಿಂತ ಬಹಳ ಕಡಿಮೆ.

ಕಾರಿಗೊಂದೇ ಪ್ಯಾಡ್ ಎಂಬ ಲೆಕ್ಕ ಉಳಿತಾಯದಂತೆ ಕಂಡರೂ ನಷ್ಟದ್ದು. ಒಂದೇ ದರ್ಜೆಯ ಎರಡು ಮೂರು ಪ್ಯಾಡನ್ನು ಸರದಿಯಲ್ಲಿ ಬಳಸಿದರೆ ಪ್ರತಿಯೊಂದಕ್ಕೂ ತಣಿಯಲು ಸಮಯ ಸಿಗುತ್ತದೆ, ಒಟ್ಟು ಬಾಳಿಕೆ ಹೆಚ್ಚುತ್ತದೆ. ಒಮ್ಮೆ ಕಟಿಂಗ್ ಕಾಂಪೌಂಡ್ ಕುಡಿದ ಪ್ಯಾಡನ್ನು ಎಷ್ಟೇ ತೊಳೆದರೂ ಫಿನಿಶಿಂಗಿಗೆ ಬಳಸಬಾರದು. ನೆಲಕ್ಕೆ ಬಿದ್ದ ಪ್ಯಾಡನ್ನು ಕೊಡವಿ ಮತ್ತೆ ಹಾಕುವುದೂ ಬೇಡ. ಆ ದಿನಕ್ಕೆ ಅದು ಪಕ್ಕಕ್ಕೆ.

ನೀರು

ಇನ್ನು ತೊಳೆಯುವ ಮಾತು. ಯಾವ ಪ್ಯಾಕೆಟ್ಟಿನ ಮೇಲೂ ಬರೆದಿರದ, ಬೆಂಗಳೂರಿಗೇ ಸೇರಿದ ವಿಷಯ ಇದು. ದಂಡು ಪ್ರದೇಶ, ಇಂದಿರಾನಗರದ ಬಹುತೇಕ ಕಡೆ ಕಾವೇರಿ ನೀರು ಬರುತ್ತದೆ. ಕೆ.ಆರ್. ಪುರ, ಮಹದೇವಪುರದ ಕಡೆಯ ಹಲವು ಬಡಾವಣೆಗಳು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳ ಪೈಕಿ. ವರ್ಷಗಟ್ಟಲೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನಂಬಿದ್ದವು. ಆ ಹಳ್ಳಿಗಳಿಗೆಂದೇ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಊರು ತತ್ತರಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ತಪ್ಪಿದವರಿಗೆ 5000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ನಲ್ಲಿ ಪೂರಾ ತೆರೆದರೆ ನಿಮಿಷಕ್ಕೆ ಹತ್ತು ಲೀಟರಿನಷ್ಟು ನೀರು ಹೋಗುತ್ತದೆ. ಹರಿಯುವ ನೀರಿನಲ್ಲಿ ಪ್ಯಾಡ್ ತೊಳೆಯಿರಿ ಎಂಬ ಹೊರದೇಶದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಲಾಗದು.

ನೀರಿನ ಗಡಸುತನ ಮತ್ತೊಂದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಾಗ 600ರವರೆಗೆ ಸಹಿಸಬಹುದು. ಬೋರ್‌ವೆಲ್ ನೀರು ಗಡಸೆಂದು ತಿಳಿಯಲು ಬಾತ್‌ರೂಮಿನ ನಲ್ಲಿಗೆ ಕಟ್ಟಿದ ಬಿಳಿ ಪೊರೆ ನೋಡಿದರೆ ಸಾಕು. ಗಡಸು ನೀರಿಗೆ ಸೋಪು ಹಾಕಿದರೆ ನೊರೆ ಬಾರದೆ ಜಿಡ್ಡಾದ ಗಸಿ ಕಟ್ಟುತ್ತದೆ. ಆ ಗಸಿ ಪ್ಯಾಡಿನ ಒಳಗೇ ಕೂರುತ್ತದೆ. ಆದ್ದರಿಂದ ಬಟ್ಟೆಯ ಬಾರ್ ಸೋಪು ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ಡಿನಂಥ ಸೌಮ್ಯ ಡಿಟರ್ಜೆಂಟ್ ಇರಲಿ. ಕೊನೆಯ ಜಾಲಿಸುವಿಕೆಗೆ ಗಡಸು ನೀರು ಬಳಸಿದರೆ ಒಣಗಿದ ಮೇಲೆ ಸುಣ್ಣದಂಶ ಫೋಮಿನಲ್ಲಿ ಉಳಿಯುತ್ತದೆ. ಆರ್‌ಓ ಯಂತ್ರದ ಹೊರಬಿಡುವ ನೀರು ಇನ್ನೂ ಗಡಸು. ಅದು ಈ ಕೆಲಸಕ್ಕೆ ಸಲ್ಲದು. ತಕ್ಕ ನೀರು ಎಂದರೆ ಮಳೆನೀರು. ಅದರಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ನಿಗದಿತ ಅಳತೆ ಮೀರಿದ ಕಟ್ಟಡಗಳಿಗೆ 2009ರಿಂದ ಮಳೆಕೊಯ್ಲು ಕಡ್ಡಾಯವಾಗಿರುವ ಊರಿನಲ್ಲಿ ಒಂದು ಡ್ರಮ್ ಮಳೆನೀರನ್ನು ಪ್ಯಾಡಿಗೆಂದು ಮೀಸಲಿಡುವುದು ಯಾವ ಅಂಗಡಿಗೂ ಕಷ್ಟವಲ್ಲ.

ತೊಳೆಯುವ ಕ್ರಮ ಹೀಗಿದ್ದರೆ ಒಳ್ಳೆಯದು. ಕೆಲಸ ಮುಗಿದ ಕೂಡಲೇ, ಕಾಂಪೌಂಡ್ ಗಟ್ಟಿಯಾಗುವ ಮುನ್ನ, ಬ್ರಷ್ಷಿನಿಂದ ಪುಡಿ ಉದುರಿಸಿ. ಎರಡು ಬಕೆಟ್ ಸಾಕು. ಮೊದಲನೆಯದರಲ್ಲಿ ಉಗುರುಬೆಚ್ಚಗಿನ ನೀರು ಮತ್ತು ಡಿಟರ್ಜೆಂಟ್; ತಳದಲ್ಲಿ ತೂತಿನ ಜಾಲರಿ ಇದ್ದರೆ ಕಣ ಕೆಳಗೇ ಉಳಿಯುತ್ತದೆ. ಪ್ಯಾಡನ್ನು ಅಂಗೈ ಮೇಲಿಟ್ಟು ಎರಡೂ ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬನ್ನಿ. ಮೊದಲು ಬೂದು ನೀರು, ಆಮೇಲೆ ಹಾಲಿನಂಥ ನೀರು, ಕೊನೆಗೆ ಬರಿಯ ನೊರೆ ಬರುತ್ತದೆ. ಹೊಪ್ಪಳೆ ಕಟ್ಟಿದ ಜಾಗಕ್ಕೆ ಡಿಟರ್ಜೆಂಟ್ ನೇರ ಹಾಕಿ ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಎರಡನೆಯ ಬಕೆಟ್ಟಿನ ನೀರಿನಲ್ಲಿ ನೊರೆ ಹೋಗುವವರೆಗೆ ಜಾಲಿಸಿ. ಡಿಟರ್ಜೆಂಟ್ ಉಳಿದರೆ ಮುಂದಿನ ಸಲ ಕಾಂಪೌಂಡ್ ಸರಿಯಾಗಿ ಕಚ್ಚುವುದಿಲ್ಲ. ಎರಡು ಅಂಗೈಗಳ ನಡುವೆ ಚಪ್ಪಟೆಯಾಗಿ ಒತ್ತಿ ನೀರು ತೆಗೆಯಿರಿ. ಬಟ್ಟೆಯಂತೆ ಹಿಂಡಿದರೆ ವೆಲ್ಕ್ರೋ ಅಂಟು ಬಿಡುತ್ತದೆ. ಉಳಿದ ತೇವಕ್ಕೆ ಪ್ಯಾಡನ್ನು ಮೆಷಿನ್ನಿಗೆ ಹಾಕಿ, ಖಾಲಿ ಬಕೆಟ್ಟಿನೊಳಗೆ ಇಳಿಸಿ ಕಡಿಮೆ ವೇಗದಲ್ಲಿ ಒಮ್ಮೆ ಸುತ್ತಿಸಿದರೆ ಸಿಡಿದು ಹೋಗುತ್ತದೆ. ಒದ್ದೆ ಕೈಯಲ್ಲಿ ಪ್ಲಗ್ಗು ಮುಟ್ಟಬೇಡಿ.

ತಿನ್ನರ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪೇಂಟಿಂಗ್ ಗ್ಯಾರೇಜಿನಲ್ಲಿ ತಿನ್ನರ್ ಡಬ್ಬ ಕೈಗೆಟುಕುವಲ್ಲೇ ಇರುತ್ತದೆ, ಸ್ಪ್ರೇ ಗನ್ ತೊಳೆಯುವುದೂ ಅದರಲ್ಲೇ. ಪ್ಯಾಡನ್ನೂ ಅದರಲ್ಲೇ ಅದ್ದುವ ಮನಸ್ಸಾಗುತ್ತದೆ. ತಿನ್ನರ್, ಪೆಟ್ರೋಲ್, ಅಸಿಟೋನ್ ಮೂರೂ ಪಾಲಿಯುರೆಥೇನನ್ನು ಉಬ್ಬಿಸಿ ಸಡಿಲ ಮಾಡುತ್ತವೆ, ಅಂಟನ್ನು ಕರಗಿಸುತ್ತವೆ. ಆ ಕ್ಷಣಕ್ಕೆ ಪ್ಯಾಡ್ ಹೊಸದರಂತೆ ಬೆಳ್ಳಗೆ ಕಾಣಬಹುದು. ಮುಂದಿನ ಕಾರಿನ ಮೇಲೆ ಸುತ್ತುವಾಗ ಫೋಮ್ ಒಂದು ಕಡೆ, ವೆಲ್ಕ್ರೋ ಒಂದು ಕಡೆ ಹೋಗಿ ತಟ್ಟೆಯ ಅಂಚು ಬಣ್ಣಕ್ಕೆ ಬಡಿಯುತ್ತದೆ. ಬ್ಲೀಚಿಂಗ್ ಪುಡಿ, ಬಟ್ಟೆ ಮೆದುಗೊಳಿಸುವ ದ್ರವ, ಕುದಿಯುವ ನೀರು ಇವುಗಳೂ ಬೇಡ. ವಾಷಿಂಗ್ ಮೆಷಿನ್ನಿಗೆ ಹಾಕುವುದನ್ನು ಕೆಲವರು ಒಪ್ಪುತ್ತಾರೆ. ಡ್ರಮ್ಮಿನ ಕುಲುಕಾಟ ಅಂಟಿಗೆ ಒಳ್ಳೆಯದಲ್ಲ, ಮನೆಯ ಬಟ್ಟೆಗೆ ಉಜ್ಜುಕಣ ಸೇರುವುದು ಇನ್ನೂ ಕೆಟ್ಟದ್ದು. ಕೈತೊಳೆತವೇ ಮೇಲು.

ಒಣಗಿಸುವುದು, ಇಡುವುದು

ತೊಳೆದ ಪ್ಯಾಡನ್ನು ಫೋಮ್ ಕೆಳಗೆ, ವೆಲ್ಕ್ರೋ ಮೇಲೆ ಬರುವಂತೆ ತಂತಿಯ ಸ್ಟ್ಯಾಂಡಿನ ಮೇಲೆ ನೆರಳಿನಲ್ಲಿ ಇಡಬೇಕು. ನೀರು ಅಂಟಿನ ಕಡೆಗೆ ಇಳಿಯದೆ ಹೊರಗೆ ತೊಟ್ಟಿಕ್ಕುತ್ತದೆ. ಬಿಸಿಲಿಗೆ ಒಡ್ಡಿದರೆ ಬೇಗ ಒಣಗುವುದು ಹೌದು, ಆದರೆ ನೇರಳಾತೀತ ಕಿರಣಕ್ಕೆ ಪಾಲಿಯುರೆಥೇನ್ ಹಳದಿಗಟ್ಟಿ ಪುಡಿಪುಡಿಯಾಗುತ್ತದೆ. ಗ್ಯಾರೇಜಿನ ಶೀಟಿನ ಮಾಡಿನ ಮೇಲೆ ಪ್ಯಾಡು ಹರಡುವವರು ಇದನ್ನು ಗಮನಿಸಬೇಕು. ಹಾಟ್ ಏರ್ ಗನ್, ಬಿಸಿ ಇಂಜಿನ್ ಎರಡೂ ನಿಷಿದ್ಧ. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಒಂದು ರಾತ್ರಿ ಸಾಕು. ಜೂನ್‌ನಿಂದ ಅಕ್ಟೋಬರಿನವರೆಗೆ ಜಡಿಮಳೆಯ ತೇವದಲ್ಲಿ ಎರಡು ದಿನವಾದರೂ ಫೋಮಿನ ಹೊಟ್ಟೆ ಒದ್ದೆಯೇ ಇರಬಹುದು. ಟೇಬಲ್ ಫ್ಯಾನ್ ಹಾಕಬೇಕು. ಒಣಗಿದೆಯೇ ಎಂದು ತಿಳಿಯಲು ಪ್ಯಾಡನ್ನು ಟಿಶ್ಯೂ ಕಾಗದದ ಮೇಲಿಟ್ಟು ಗಟ್ಟಿಯಾಗಿ ಒತ್ತಿ. ಕಾಗದ ತೇವವಾದರೆ ಡಬ್ಬಕ್ಕೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಒದ್ದೆ ಪ್ಯಾಡಿನಲ್ಲಿ ಕೆಲಸಕ್ಕಿಳಿದರೆ ಕಾಂಪೌಂಡ್ ತೆಳುವಾಗಿ ಕಟಿಂಗ್ ಕುಂದುತ್ತದೆ.

ಒಣಗಿದವನ್ನು ದರ್ಜೆವಾರು ಮುಚ್ಚಳದ ಡಬ್ಬದಲ್ಲಿ ಇಡಬೇಕು. ಮೇಲೆ ಭಾರ ಬೇಡ, ಅದುಮಿಟ್ಟ ಫೋಮ್ ಮತ್ತೆ ಉಬ್ಬದು. ಮೆಷಿನ್ನಿಗೆ ಸಿಕ್ಕಿಸಿದ ಪ್ಯಾಡನ್ನು ಹಾಗೆಯೇ ನೆಲಕ್ಕೆ ಒರಗಿಸಿಡುವುದು ಅನೇಕ ಅಂಗಡಿಗಳ ಕೆಟ್ಟ ರೂಢಿ. ಮೆಷಿನ್ನಿನ ತಟ್ಟೆಯ ಕೊಕ್ಕೆಗಳಲ್ಲಿ ನೂಲು ತುಂಬಿದರೆ ಹಿಡಿತ ಸಡಿಲವಾಗುತ್ತದೆ. ಹಳೇ ಬಾಚಣಿಗೆಯಿಂದ ಅದನ್ನು ತೆಗೆಯಬೇಕು. ಸೆರಾಮಿಕ್ ಕೋಟಿಂಗ್ ತಾಗಿದ ಪ್ಯಾಡಿಗೆ ಈ ಯಾವ ಉಪಚಾರವೂ ಇಲ್ಲ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಎಸೆಯಬೇಕು.

ತೊಳೆದ ನೀರು ಮತ್ತು ಸವೆದ ಪ್ಯಾಡು

ಪ್ಯಾಡ್ ತೊಳೆದ ಬೂದು ನೀರಿನಲ್ಲಿ ಎಣ್ಣೆ, ಬಣ್ಣದ ಪುಡಿ, ಡಿಟರ್ಜೆಂಟ್ ಇರುತ್ತವೆ. ಅಂಗಡಿ ಮುಂದಿನ ಮಳೆನೀರು ಚರಂಡಿಗೆ ಸುರಿದದ್ದು ರಾಜಕಾಲುವೆಗೆ ಹೋಗುತ್ತದೆ. ಹಲಸೂರು ಕೆರೆಯ ಕೋಡಿ ನೀರು ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆ ಸೇರುತ್ತದೆ. 2015 ಮತ್ತು 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದುದನ್ನೂ ರಸ್ತೆಗೆ ನುಗ್ಗಿದ ನೊರೆಯನ್ನೂ ಊರಿನವರು ಕಂಡಿದ್ದಾರೆ. ನೊರೆಗೆ ಮುಖ್ಯ ಕಾರಣ ಮನೆ, ಕಾರ್ಖಾನೆಗಳಿಂದ ಶುದ್ಧವಾಗದೆ ಬಂದ ಡಿಟರ್ಜೆಂಟು. ಒಂದು ಪ್ಯಾಡಿನ ಪಾಲು ಅದರಲ್ಲಿ ಅತ್ಯಲ್ಪವಾದರೂ ಸರಿಯಾದ ದಾರಿ ಸುಲಭವಾಗಿಯೇ ಇದೆ: ಬಕೆಟ್ಟನ್ನು ರಾತ್ರಿ ಅಲುಗದಂತೆ ಇಟ್ಟರೆ ಕಣಗಳು ತಳ ಸೇರುತ್ತವೆ. ಮೇಲಿನ ನೀರನ್ನು ಒಳಚರಂಡಿಗೆ ಬಿಟ್ಟು, ತಳದ ಕೆಸರನ್ನು ಒಣಗಿಸಿ ಪೇಂಟ್ ಡಬ್ಬಗಳ ಜತೆ ಅಪಾಯಕಾರಿ ಕಸಕ್ಕೆ ಹಾಕಬೇಕು.

ಪ್ಯಾಡಿನ ಆಯುಷ್ಯ ಇಷ್ಟೇ ಕಾರು ಎಂದು ಹೇಳಲಾಗದು. ಒತ್ತಿ ಬಿಟ್ಟಾಗ ಪುಟಿಯದಿದ್ದರೆ, ಅಂಚು ಹರಿದು ತುಣುಕು ಉದುರುತ್ತಿದ್ದರೆ, ವೆಲ್ಕ್ರೋ ಒಂದು ಮೂಲೆಯಲ್ಲಾದರೂ ಏಳುತ್ತಿದ್ದರೆ, ತೊಳೆದ ಮೇಲೂ ನಡುವಿನ ಗಟ್ಟಿತನ ಹೋಗದಿದ್ದರೆ ಅದನ್ನು ಕಾರಿನ ಬಣ್ಣಕ್ಕೆ ತಾಗಿಸಬಾರದು. ಗುಜರಿಯಲ್ಲಿ ಎಂಜಿನ್, ಗೇರ್‌ಬಾಕ್ಸು, ಹೆಡ್‌ಲೈಟು ಎರಡನೇ ಜನ್ಮ ಪಡೆಯುವಂತೆ ಪಾಲಿಶ್ ಪ್ಯಾಡಿಗೆ ಮರುಜನ್ಮವಿಲ್ಲ. ಹೆಚ್ಚೆಂದರೆ ಟೈರಿಗೆ ಡ್ರೆಸಿಂಗ್ ಹಚ್ಚಲು ಬರುತ್ತದೆ.

ಕಾರನ್ನು ಪಾಲಿಶಿಗೆ ಬಿಡುವವರು ಕಾಂಪೌಂಡಿನ ಬ್ರ್ಯಾಂಡು, ವಾರಂಟಿ, ರಿಯಾಯಿತಿ ವಿಚಾರಿಸುತ್ತಾರೆ. ಅದರ ಜತೆಗೆ, ನನ್ನ ಕಾರಿಗೆ ಹಾಕುವ ಪ್ಯಾಡನ್ನು ತೋರಿಸಿ ಎಂದು ಕೇಳಿ. ಹೆಬ್ಬೆರಳಿನಿಂದ ಅದರ ನಡುವೆ ಒಮ್ಮೆ ಒತ್ತಿ ನೋಡಿ. ಮೆತ್ತಗಿದ್ದರೆ ಕೀ ಕೊಡಿ, ಗಟ್ಟಿಯಾಗಿದ್ದರೆ ಬೇರೆ ಪ್ಯಾಡ್ ಹಾಕಿಸಿ.